ಪಂಜೆಯವರ ನಾಡಿನಲ್ಲಿ ಕಿರಿಯರ ಕಾದಂಬರಿ

ಕನ್ನಡದಲ್ಲಿ ಮಕ್ಕಳ ಸಾಹಿತ್ಯವೇ ಇಲ್ಲವೆಂದು ಆಗಾಗ ಕೇಳಿಬರುವ ದೂರಿನಲ್ಲಿ ಹೆಚ್ಚು ಹುರುಳಿಲ್ಲ. ಆರೇಳು ವರ್ಷದ ಮಗುವಿಗೆ ಬೇಕಾದ ಹಾಡುಗಳು ನಮ್ಮಲ್ಲಿ ಧಾರಾಳವಾಗಿವೆ. ಕಾಗೆ ನರಿಗಳ ಕಥೆಗಳಿಗಂತೂ ಬರವಿಲ್ಲ. ಕಾಲೇಜಿನ ಮೆಟ್ಟಿಲೇರಿದವನಿಗೆ ಕಾರಂತರಿದ್ದಾರೆ, ತೇಜಸ್ವಿಯವರಿದ್ದಾರೆ. ಕೊರತೆಯಿರುವುದು ನಡುವಣ ಮೂರು ನಾಲ್ಕು ವರ್ಷಗಳಿಗೆ. ಐದನೆಯ ತರಗತಿಯಿಂದ ಎಂಟನೆಯ ತರಗತಿಯವರೆಗಿನ ಹುಡುಗ ಹುಡುಗಿಯರಿಗೆ ಶಿಶುಗೀತೆ ಸಣ್ಣ ಮಕ್ಕಳ ಪದಾರ್ಥವಾಗಿ ಕಾಣುತ್ತದೆ. ಹಿರಿಯರ ಕಾದಂಬರಿಯ ಗಂಡಹೆಂಡಿರ ಮನಸ್ತಾಪಗಳಲ್ಲಿ ಅವರಿಗೆ ರುಚಿಯಿಲ್ಲ. ಆ ವಯಸ್ಸು ಬಯಸುವುದು ದೀರ್ಘವಾದ, ಅಪಾಯವುಳ್ಳ, ಮನೆಯಿಂದ ದೂರ ಕರೆದೊಯ್ಯುವ ಕಥೆಯನ್ನು. ಅದರಲ್ಲಿ ಮಾಯೆಯಿರಲಿ, ಯಂತ್ರವಿರಲಿ, ಬರಲಿರುವ ಶತಮಾನದ ಆಕಾಶನೌಕೆಯಿರಲಿ, ತನ್ನ ವಯಸ್ಸಿನವನೊಬ್ಬ ಹಿರಿಯರ ಕೈ ಬಿಡಿಸಿಕೊಂಡು ಲೋಕವನ್ನು ಎದುರಿಸುವುದನ್ನು ಓದುಗನು ನೋಡಬೇಕು.

ಈಚಿನ ವರ್ಷಗಳಲ್ಲಿ ಇಂತಹ ದೀರ್ಘಕಥೆಗಳು ಕನ್ನಡದಲ್ಲಿ ಕಾಣತೊಡಗಿರುವುದು ನಿಜ. ಕೇಂದ್ರ ಸಾಹಿತ್ಯ ಅಕಾದೆಮಿಯ ಬಾಲಸಾಹಿತ್ಯ ಪುರಸ್ಕಾರವು 2021ರಲ್ಲಿ ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’ ಎಂಬ ಕೃತಿಗೂ, 2022ರಲ್ಲಿ ತಮ್ಮಣ್ಣ ಬೀಗಾರ ಅವರ ‘ಬಾವಲಿ ಗುಹೆ’ಗೂ, 2023ರಲ್ಲಿ ವಿಜಯಶ್ರೀ ಹಾಲಾಡಿ ಅವರ ‘ಸೂರಕ್ಕಿ ಗೇಟ್’ಗೂ ಸಂದಿತು. ಮೂರೂ ಕಾದಂಬರಿಗಳೇ. ಒಂದರ ಹಿಂದೊಂದರಂತೆ ಮೂರು ವರ್ಷ ಮಕ್ಕಳ ಕಾದಂಬರಿಗೆ ಮನ್ನಣೆ ದೊರೆತದ್ದನ್ನು ಸಾಮಾನ್ಯ ಸಂಗತಿಯೆಂದು ತಳ್ಳಿಹಾಕಲಾಗದು. ಆದರೂ ಈ ಹೊಸ ಬೆಳೆಯಲ್ಲಿ ಅದ್ಭುತಲೋಕದ ಕಾದಂಬರಿ ಮತ್ತು ವಿಜ್ಞಾನದ ಕಲ್ಪನೆಯಿಂದ ಹುಟ್ಟಿದ ಸಾಹಸಕಾದಂಬರಿ, ಈ ಎರಡು ಕೊಂಬೆಗಳು ಇನ್ನೂ ಬಡಕಲಾಗಿವೆಯೆಂದೇ ನನ್ನ ಅಭಿಪ್ರಾಯ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಕಡೆಯಿಂದ ನೋಡಿದರೆ ಈ ಕೊರತೆ ಬರಿಯ ಸಾಹಿತ್ಯದ ಕೊರತೆಯಾಗಿ ಉಳಿಯುವುದಿಲ್ಲ. ಇಲ್ಲಿಯ ಮಗು ತಾಯಿಯೊಡನೆ ಮಾತನಾಡುವುದು ಬಹುಮಟ್ಟಿಗೆ ತುಳುವಿನಲ್ಲಿ. ಕೆಲವು ಮನೆಗಳಲ್ಲಿ ಕೊಂಕಣಿ, ಕೆಲವೆಡೆ ಬ್ಯಾರಿ, ತೋಟದ ಮನೆಗಳಲ್ಲಿ ಹವ್ಯಕರ ನುಡಿ. ಗ್ರಂಥದ ಕನ್ನಡವನ್ನು ಅದು ಕಲಿಯುವುದು ಶಾಲೆಯಲ್ಲಿ. ಧಾರವಾಡದ ಹುಡುಗ ಒಂದು ಪುಸ್ತಕವನ್ನೂ ಮುಟ್ಟದಿದ್ದರೂ ಬೀದಿಯಲ್ಲಿ ಕನ್ನಡ ಅವನನ್ನು ಬಿಡುವುದಿಲ್ಲ. ನಮ್ಮ ಹುಡುಗನಿಗೆ ಕನ್ನಡವೆಂದರೆ ಅಕ್ಷರ. ಆ ಅಕ್ಷರದಲ್ಲಿ ಸುಖವಿದೆಯೆಂದು ಹತ್ತರಿಂದ ಹದಿಮೂರರೊಳಗೆ ಅವನಿಗೆ ತಿಳಿಯದೆ ಹೋದರೆ ಮುಂದೆ ಅದು ಅಂಕಗಳಿಗಾಗಿ ಓದುವ ಒಂದು ವಿಷಯವಾಗಿಬಿಡುತ್ತದೆ. ಸುಖವನ್ನು ಅವನು ಇಂಗ್ಲಿಷಿನಲ್ಲಿ ಹುಡುಕಿಕೊಳ್ಳುತ್ತಾನೆ. 1997ರಲ್ಲಿ ಮೊದಲ ಸಂಪುಟ ಹೊರಬಂದ ಹ್ಯಾರಿ ಪಾಟರ್ ಮಾಲೆಯನ್ನು ನಮ್ಮ ಮಕ್ಕಳು ಓದುವುದಕ್ಕೆ ನನ್ನ ಆಕ್ಷೇಪವಿಲ್ಲ. ಓದುವ ಮಗುವನ್ನು ಯಾವ ಭಾಷೆಯ ಹೆಸರಿನಲ್ಲೂ ತಡೆಯಬಾರದು. ಆ ಮಾಲೆಯನ್ನು ಮುಗಿಸಿ ಬಂದು, ಇಂಥದ್ದು ಕನ್ನಡದಲ್ಲಿ ಇದೆಯೇ ಎಂದು ಅದು ಕೇಳಿದಾಗ ನಾವು ಏನನ್ನು ಕೊಡುತ್ತೇವೆ?

ಇದಕ್ಕೆ ಉತ್ತರವನ್ನು ಬಹಳ ಹಿಂದೆಯೇ ಒಬ್ಬರು ಆರಂಭಿಸಿದ್ದರು. ಅದೂ ಈ ನೆಲದಲ್ಲಿಯೇ. ಪಂಜೆ ಮಂಗೇಶರಾಯರು 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದವರು. ಮನೆಮಾತು ಕೊಂಕಣಿ, ಸುತ್ತಲಿನ ಮಾತು ತುಳು, ಬರೆದದ್ದು ಕನ್ನಡದಲ್ಲಿ. ‘ಕವಿಶಿಷ್ಯ’ನ ಪದ್ಯಗಳನ್ನು ಎಲ್ಲರೂ ನೆನೆಯುತ್ತಾರೆ; ಅವರ ‘ಕೋಟಿ ಚೆನ್ನಯ’ವನ್ನು ನೆನೆಯುವವರು ಕಡಿಮೆ. ಹೆಂಗಸರು ನೇಜಿ ನೆಡುತ್ತ ಹಾಡುತ್ತಿದ್ದ, ಭೂತದ ಅಂಗಳದಲ್ಲಿ ಕೇಳಿಬರುತ್ತಿದ್ದ ತುಳು ಪಾಡ್ದನದಿಂದ ಅವಳಿ ವೀರರ ಸಾಹಸವನ್ನೆತ್ತಿ ಅವರು ಕನ್ನಡ ಗದ್ಯಕ್ಕೆ ತಂದರು. ಕೊಂಕಣಿಯ ಮನೆಯವರೊಬ್ಬರು ತುಳುವಿನ ಸಾಹಸವನ್ನು ಕನ್ನಡದ ಎಳೆಯರಿಗೆ ಒಪ್ಪಿಸಿದ ಈ ಕೆಲಸದ ಬೆಲೆಯನ್ನು ನಾವು ಇನ್ನೂ ಸರಿಯಾಗಿ ಕಟ್ಟಿಲ್ಲ. ಶಾಲೆಯ ಮಾಸ್ತರರಾಗಿ, ಇನ್‌ಸ್ಪೆಕ್ಟರರಾಗಿ ಅವರು ಮಕ್ಕಳ ಮುಖವನ್ನು ದಿನವೂ ನೋಡಿದವರು. ಹುಡುಗರಿಗೆ ಯಾವ ವಾಕ್ಯ ಹಿಡಿಸುತ್ತದೆ, ಯಾವುದು ಹಿಡಿಸುವುದಿಲ್ಲವೆಂಬುದು ಅವರಿಗೆ ಗೊತ್ತಿತ್ತು.

ಪಂಜೆಯವರದು ಕಥೆಯ ದಾರಿ. ಬಂಟ್ವಾಳಕ್ಕೆ ನೆರೆಯ ಪುತ್ತೂರಿನಲ್ಲಿ ಶಿವರಾಮ ಕಾರಂತರು ಹಿಡಿದದ್ದು ಜ್ಞಾನದ ದಾರಿ. 1930ರ ದಶಕದಲ್ಲಿಯೇ ‘ಬಾಲಪ್ರಪಂಚ’ದ ಸಂಪುಟಗಳನ್ನು ಒಬ್ಬರೇ ಕುಳಿತು ಸಿದ್ಧಪಡಿಸಿದರು, ಮುಂದೆ ‘ವಿಜ್ಞಾನ ಪ್ರಪಂಚ’ವನ್ನು ಬರೆದರು. ನಕ್ಷತ್ರ, ಸಮುದ್ರ, ಪ್ರಾಣಿ, ಯಂತ್ರ ಇವೆಲ್ಲ ಕನ್ನಡದಲ್ಲಿ ಮಾತನಾಡಬಲ್ಲವು ಎಂಬುದು ಸ್ಥಾಪಿತವಾಯಿತು. ಒಂದೇ ಜಿಲ್ಲೆಯಲ್ಲಿ ಒಬ್ಬರು ಸಾಹಸವನ್ನೂ ಇನ್ನೊಬ್ಬರು ವಿಜ್ಞಾನವನ್ನೂ ಎಳೆಯರ ಮುಂದೆ ಇಟ್ಟರು. ಇವೆರಡನ್ನೂ ಕೂಡಿಸಿ ಹೆಣೆಯುವ ಮೂರನೆಯ ಕೈ ಬರಬೇಕಾಗಿತ್ತು; ಬರಲಿಲ್ಲ. ಬಂಗಾಳದಲ್ಲಿ ಅದು ಬಂತು. ಅಜ್ಜ ಉಪೇಂದ್ರಕಿಶೋರರು 1913ರಲ್ಲಿ ತೊಡಗಿಸಿದ್ದ ‘ಸಂದೇಶ್’ ಪತ್ರಿಕೆಯನ್ನು 1961ರಲ್ಲಿ ಮರಳಿ ಎಬ್ಬಿಸಿದ ಸತ್ಯಜಿತ್ ರಾಯರು ಅದೇ ವರ್ಷ ಅದರಲ್ಲಿ ಪ್ರೊಫೆಸರ್ ಶೊಂಕು ಎಂಬ ವಿಜ್ಞಾನಿಯ ಕಥೆಗಳನ್ನು ಆರಂಭಿಸಿದರು. ಫ್ರಾನ್ಸಿನ ಜೂಲ್ಸ್ ವರ್ನನಂತೂ ಸಮುದ್ರದಡಿಯ ನೌಕೆಯ ಒಡೆಯನಾದ ಕ್ಯಾಪ್ಟನ್ ನೀಮೋ ಬುಂದೇಲಖಂಡದ ರಾಜಕುಮಾರನೆಂದು 1875ರಷ್ಟು ಹಿಂದೆಯೇ ಬರೆದಿಟ್ಟ. ನಮ್ಮವನನ್ನು ನಾಯಕನಾಗಿಸಲು ಪರದೇಶದವನಿಗೆ ಸಂಕೋಚವಾಗಲಿಲ್ಲ.

ನಮ್ಮಲ್ಲಿ ಅದ್ಭುತ ಸಾಹಸದ ರುಚಿಯನ್ನು ಎಳೆಯರಿಗೆ ಹತ್ತಿಸಿದ್ದು 1949ರಿಂದ ಕನ್ನಡದಲ್ಲಿ ಬರತೊಡಗಿದ್ದ ‘ಚಂದಮಾಮ’. ಅದರ ಮಾಂತ್ರಿಕರ, ಕೋಟೆಕೊತ್ತಳಗಳ ಧಾರಾವಾಹಿಗಳಿಗಾಗಿ ತಿಂಗಳೆಲ್ಲ ಕಾದವರು ಈ ಲೇಖನದ ವಾಚಕರಲ್ಲಿಯೂ ಇರಬಹುದು. ಆ ಕಥೆಗಳು ತೆಲುಗಿನಲ್ಲಿ ಹುಟ್ಟಿ ಇತರ ಭಾಷೆಗಳಿಗೆ ಬಂದವು. ಪತ್ರಿಕೆ ನಿಂತುಹೋಯಿತು, ಅದರ ಜಾಗಕ್ಕೆ ಅಷ್ಟು ಮನೆಗಳನ್ನು ಮುಟ್ಟುವ ಇನ್ನೊಂದು ಬರಲಿಲ್ಲ.

ಮಕ್ಕಳಿಗೆಂದು ಬರೆಯದ ಒಂದು ಕಾದಂಬರಿಯನ್ನು ಇಲ್ಲಿ ಹೆಸರಿಸಲೇಬೇಕು. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೋ’ 1980ರದು. ಬೆಳ್ತಂಗಡಿಯಿಂದ ಚಾರ್ಮಾಡಿ ಘಟ್ಟವನ್ನೇರಿ ಹೋದರೆ ಸಿಗುವ ಮೂಡಿಗೆರೆಯ ಸೀಮೆ ಅದರ ರಂಗಸ್ಥಳ. ಒಬ್ಬ ವಿಜ್ಞಾನಿ, ಜೇನು ಹಿಡಿಯುವ ಮಂದಣ್ಣ, ಒಂದು ನಾಯಿ, ಕಾಡಿನಲ್ಲೆಲ್ಲೋ ಇದೆಯೆನ್ನುವ ಹಾರುವ ಓತಿ. ಬಾಲಸಾಹಸಕ್ಕೆ ಬೇಕಾದ ಸಾಮಗ್ರಿಯೆಲ್ಲ ಇದರಲ್ಲಿದೆ. ಆದುದರಿಂದಲೇ ಹದಿಮೂರರ ಹುಡುಗರೂ ಅದನ್ನು ಹಿಡಿದರೆ ಬಿಡುವುದಿಲ್ಲ. ಆ ಬಗೆಯ ಓತಿಯ ಬಳಗದ್ದೊಂದು ನಮ್ಮ ಅಡಕೆಯ ತೋಟಗಳಲ್ಲಿ ಇಂದಿಗೂ ಇದೆ. ಪಕ್ಕೆಲುಬುಗಳ ಆಧಾರದ ಮೇಲೆ ಹರಡಿಕೊಂಡ ಚರ್ಮವನ್ನು ಕೊಡೆಯಂತೆ ಬಿಚ್ಚಿ ಒಂದು ಮರದಿಂದ ಇನ್ನೊಂದಕ್ಕೆ ತೇಲಿಹೋಗುತ್ತದೆ. ಬೆಳ್ತಂಗಡಿಯ ಹುಡುಗ ಶಾಲೆಗೆ ಹೋಗುವ ದಾರಿಯಲ್ಲಿ ಇದನ್ನು ಕಾಣುತ್ತಾನೆ. ತರಗತಿಯಲ್ಲಿ ಕುಳಿತು ಆರೂವರೆ ಕೋಟಿ ವರ್ಷಗಳ ಹಿಂದೆ ಅಳಿದುಹೋದ ಡೈನೊಸಾರುಗಳ ಹೆಸರುಗಳನ್ನು ಬಾಯಿಪಾಠ ಮಾಡುತ್ತಾನೆ. ಈ ಎರಡರ ನಡುವೆ ಒಂದು ಕಾದಂಬರಿಯಿದೆಯೆಂದು ಅವನಿಗೆ ಹೇಳುವವರು ಬೇಕು.

ಇಂದಿನ ಮಕ್ಕಳು ಉದ್ದದ ಕಥೆಯನ್ನು ತಾಳಿಕೊಳ್ಳಲಾರರು, ಅವರ ಕೈಯಲ್ಲಿ ಫೋನಿದೆ ಎಂದು ಪ್ರಕಾಶಕರೂ ಪೋಷಕರೂ ಒಂದೇ ರಾಗ ಹಾಡುತ್ತಾರೆ. ಯಕ್ಷಗಾನದ ನಾಡಿನಲ್ಲಿ ನಿಂತು ಈ ಮಾತನ್ನಾಡುವುದು ಸೋಜಿಗ! ರಾತ್ರಿ ಚೆಂಡೆ ಕೇಳಿದಾಗಿನಿಂದ ಬೆಳಗಿನ ಮಂಗಳದವರೆಗೆ ಚಾಪೆಯ ಮೇಲೆ ಕುಳಿತು, ನಡುವೆ ತೂಕಡಿಸಿ, ಮಹಿಷಾಸುರನ ಅಬ್ಬರಕ್ಕೆ ಬೆಚ್ಚಿ ಎದ್ದು, ಮತ್ತೆ ಕಥೆಯ ಎಳೆಯನ್ನು ಹಿಡಿದ ಮಕ್ಕಳ ಊರುಗಳಿವು. ಈಚೆಗೆ ಹಲವು ಮೇಳಗಳು ಕಾಲಮಿತಿಗೆ ಬಂದಿವೆಯಾದರೂ ಕಥೆಯನ್ನು ನುಂಗುವ ಮಕ್ಕಳ ಶಕ್ತಿ ಕುಂದಿಲ್ಲ. ನಾವು ಕೊಡುತ್ತಿರುವುದೇ ನಾಲ್ಕು ಪುಟದ ನೀತಿಕಥೆ. ಮೂರನೆಯ ಪುಟಕ್ಕೆ ಬರುವಷ್ಟರಲ್ಲಿ ಹುಡುಗನಿಗೆ ನೀತಿ ಗೊತ್ತಾಗಿರುತ್ತದೆ. ನಾಲ್ಕನೆಯದನ್ನು ಅವನು ಏಕೆ ಓದಬೇಕು?

ಇನ್ನು ಸಾಮಗ್ರಿಯ ಮಾತು. ಲಂಡನ್ನಿನ ರೈಲುನಿಲ್ದಾಣದಿಂದ ಮಾಯಾಶಾಲೆಗೆ ಹೋಗುವ ಕಥೆಯನ್ನು ನಕಲು ಮಾಡಿ, ಹುಡುಗನಿಗೆ ಕನ್ನಡದ ಹೆಸರಿಟ್ಟು, ಮಂತ್ರದಂಡಕ್ಕೆ ಬೆತ್ತವನ್ನು ಕೊಟ್ಟ ಮಾತ್ರಕ್ಕೆ ನಮ್ಮ ಕಾದಂಬರಿಯಾಗದು. ಮೂಡುಬಿದಿರೆಯನ್ನೇ ನೋಡೋಣ. 1430ರ ಸಾವಿರ ಕಂಬದ ಬಸದಿಯನ್ನು ಪ್ರವಾಸಿಗಳೆಲ್ಲ ನೋಡುತ್ತಾರೆ. ಅದೇ ಊರಿನಲ್ಲಿ ಒಂಬತ್ತನೆಯ ಶತಮಾನದ ಧವಲಾ ಟೀಕೆಯ ತಾಳೆಗರಿಗಳು ಹಳಗನ್ನಡ ಲಿಪಿಯಲ್ಲಿ ಉಳಿದುಬಂದವು. ಯಾತ್ರಿಕರು ದೂರದಿಂದ ದರ್ಶನ ಪಡೆಯಬಹುದಾಗಿತ್ತು, ಓದುವ ಹಾಗಿರಲಿಲ್ಲ. ಕೊನೆಗೆ ಗುಟ್ಟಾಗಿ ಮಾಡಿದ ಪ್ರತಿಯೊಂದು ಊರಿನಿಂದ ಹೊರಗೆ ಹೋಗಿ ಉತ್ತರದೇಶವನ್ನು ಸೇರಿತು. 1939ರಿಂದ ಅದು ಅಚ್ಚಾಗತೊಡಗಿತು. ಬಾಗಿಲು ಮುಚ್ಚಿದ ಕೋಣೆ, ಕೆಲವರೇ ಓದಬಲ್ಲ ಲಿಪಿ, ರಾತ್ರಿಯ ದೀಪದಲ್ಲಿ ನಕಲು ಮಾಡುವ ಕೈ: ನಿಧಿಯ ನಕಾಶೆಯನ್ನು ಹುಡುಕುವ ಯಾವ ಆಂಗ್ಲ ಕಾದಂಬರಿಗೂ ಇದಕ್ಕಿಂತ ಒಳ್ಳೆಯ ಬೀಜ ಸಿಕ್ಕಿಲ್ಲ. ಬೆಳ್ತಂಗಡಿಗೆ ಹೋದರೆ ಗಡಾಯಿಕಲ್ಲು. 1794ರಲ್ಲಿ ಟಿಪ್ಪು ಜಮಾಲಾಬಾದ್ ಎಂದು ಕರೆದ ಆ ಒಂಟಿ ಬಂಡೆಯ ನೆತ್ತಿಗೆ ಕಲ್ಲಿನಲ್ಲೇ ಕಡಿದ ಮೆಟ್ಟಿಲುಗಳಿವೆ. ಆಗಸ್ಟಿನ ಒಂದು ಸಂಜೆ ಮೋಡ ಅದನ್ನು ಪೂರ್ತಿಯಾಗಿ ಅಳಿಸಿಬಿಡುವುದನ್ನು ಕಂಡವರಿಗೆ, ಮರುದಿನ ಅದು ಅಲ್ಲಿಯೇ ಇರುತ್ತದೆಂಬ ಭರವಸೆ ಸ್ವಲ್ಪ ಅಲುಗುತ್ತದೆ.

ಬಂಟ್ವಾಳದ್ದು ನದಿಯ ಕಥೆ. 1923ರಲ್ಲಿಯೂ 1974ರಲ್ಲಿಯೂ ನೇತ್ರಾವತಿ ಪೇಟೆಯೊಳಕ್ಕೆ ಬಂತು. 2019ರ ಆಗಸ್ಟಿನಲ್ಲಿ ಚಾರ್ಮಾಡಿಯ ಗುಡ್ಡಗಳು ಜರಿದು ರಸ್ತೆಯನ್ನು ಮುಚ್ಚಿದವು. ಘಟ್ಟದ ಮೇಲೆ ಬೀಳುವ ಮಳೆ ಎಷ್ಟು ಗಂಟೆಯಲ್ಲಿ ಪಾಣೆಮಂಗಳೂರಿನ ಸೇತುವೆಯನ್ನು ಮುಟ್ಟುತ್ತದೆಂದು ಲೆಕ್ಕ ಹಾಕುವ ಒಬ್ಬ ಹುಡುಗಿ, ಅವಳ ಲೆಕ್ಕವನ್ನು ನಂಬದ ಊರು: ವಿಜ್ಞಾನಕಾದಂಬರಿಗೆ ಮಂಗಳಗ್ರಹಕ್ಕೇ ಹೋಗಬೇಕಾಗಿಲ್ಲ. ಹೋಗಬೇಕೆಂದರೆ ಅದೂ ದೂರವೇನಲ್ಲ. 1975ರ ಆರ್ಯಭಟ ಉಪಗ್ರಹದ ಹಿಂದೆ ನಿಂತ ಯು. ಆರ್. ರಾಯರು ಉಡುಪಿಯ ಬಳಿಯ ಅದಮಾರಿನಲ್ಲಿ ಹುಟ್ಟಿದವರು.

ಅದ್ಭುತಲೋಕಕ್ಕಂತೂ ತುಳುವರ ಪಾಡ್ದನಗಳು ಸಿದ್ಧವಾದ ಭೂಪಟವನ್ನೇ ಕೊಟ್ಟಿವೆ. ಕಣ್ಣಿಗೆ ಕಾಣುವ ಬದುಕು ‘ಜೋಗ’, ಕಾಣದ ಇರವು ‘ಮಾಯ’. ವೀರರು ಸಾಯುವುದಿಲ್ಲ, ಜೋಗದಿಂದ ಮಾಯಕ್ಕೆ ಸಲ್ಲುತ್ತಾರೆ. ಅಲ್ಲಿಂದ ಕರೆದರೆ ಬರುತ್ತಾರೆ. ಇಲ್ಲಿ ಮಾತ್ರ ಲೇಖಕನು ಎಚ್ಚರದಿಂದಿರಬೇಕು. ದೈವಗಳು ಈ ಮೂರು ತಾಲೂಕುಗಳಲ್ಲಿ ಇಂದಿಗೂ ಕೋಲ ಪಡೆಯುತ್ತಿರುವ, ಜನರ ವ್ಯಾಜ್ಯವನ್ನು ಕೇಳಿ ನುಡಿ ಕೊಡುತ್ತಿರುವ ಶಕ್ತಿಗಳು. ಪಂಜುರ್ಲಿಯನ್ನು ಕತ್ತಿಯುದ್ಧದ ರಾಕ್ಷಸನನ್ನಾಗಿ ಮಾಡಿದರೆ ಅದು ಅಗೌರವವೂ ಹೌದು, ಕೆಟ್ಟ ಕಲೆಯೂ ಹೌದು. ಜೋಗದಿಂದ ಮಾಯಕ್ಕೆ ಹೋಗುವ ದಾರಿಯನ್ನು ಎರವಲು ಪಡೆದು, ಅದರಲ್ಲಿ ನಡೆಯುವ ಮಕ್ಕಳನ್ನು ತಾನೇ ಹುಟ್ಟಿಸಿಕೊಳ್ಳುವುದು ಮೇಲು. ಅವರ ಅಜ್ಜಿ ತುಳುವಿನಲ್ಲಿ ಗದರಲಿ, ಪಕ್ಕದ ಮನೆಯ ಗೆಳೆಯ ಬ್ಯಾರಿಯಲ್ಲಿ ಕೂಗಲಿ. ಪಠ್ಯಪುಸ್ತಕದ ಕನ್ನಡವನ್ನೇ ಎಲ್ಲರ ಬಾಯಲ್ಲೂ ತುರುಕಿದರೆ ಇಲ್ಲಿಯ ಮಗು ಮೊದಲ ಪುಟದಲ್ಲೇ ಸುಳ್ಳನ್ನು ಹಿಡಿಯುತ್ತದೆ.

ವಿಜ್ಞಾನದ ಹೆಸರಿನಲ್ಲಿ ಬರುವ ಬರಹಗಳ ಬಗೆಗೂ ಒಂದು ಮಾತು. ಮಾವ ಒಬ್ಬರು ರಜೆಗೆ ಬಂದು, ಮಕ್ಕಳನ್ನು ಸುತ್ತ ಕೂರಿಸಿಕೊಂಡು, ಗುರುತ್ವಾಕರ್ಷಣೆಯನ್ನು ಹತ್ತು ಪುಟ ವಿವರಿಸುವುದು ಕಾದಂಬರಿಯಲ್ಲ, ಅದು ಮನೆಪಾಠ. ಮಗುವಿಗೆ ತಿಳಿವಳಿಕೆ ಬೇಕಾಗುವುದು ಅದಿಲ್ಲದೆ ಪ್ರಾಣಕ್ಕೆ ಅಪಾಯ ಬಂದಾಗ. ಆಗ ಅದು ಮಾವನನ್ನು ಹುಡುಕಿಕೊಂಡು ಹೋಗುತ್ತದೆ.

ಬರೆಯುವವರು ಯಾರು? ಪಂಜೆಯವರು ಅಧ್ಯಾಪಕರು. ಮೂಡುಬಿದಿರೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಲೇ ಮಕ್ಕಳಿಗಾಗಿ ಬರೆದು 2012ರಲ್ಲಿ ಅದೇ ಬಾಲಸಾಹಿತ್ಯ ಪುರಸ್ಕಾರವನ್ನು ಪಡೆದ ಪಳಕಳ ಸೀತಾರಾಮ ಭಟ್ಟರೂ ಅಧ್ಯಾಪಕರು. ತಮ್ಮಣ್ಣ ಬೀಗಾರರೂ ಹಾಗೆಯೇ. ಮುಂದಿನ ಕಾದಂಬರಿಕಾರನೂ ಈ ಮೂರು ತಾಲೂಕುಗಳ ಯಾವುದೋ ಶಾಲೆಯ ಸ್ಟಾಫ್‌ರೂಮಿನಲ್ಲಿ ಉತ್ತರಪತ್ರಿಕೆಗಳ ಕಟ್ಟಿನ ಮುಂದೆ ಕುಳಿತಿರಬಹುದು. ಹಲವು ಶಾಲೆಗಳಲ್ಲಿ ಗ್ರಂಥಾಲಯವೆಂಬುದು ಬೀಗ ಹಾಕಿದ ಕಪಾಟು. ಹರಿದರೆ ಯಾರು ಹೊಣೆ ಎಂಬ ಭಯ. ಹರಿದ ಪುಸ್ತಕವೆಂದರೆ ಓದಿದ ಪುಸ್ತಕ. ವಾರದ ಕೊನೆಯ ಒಂದು ಪಿರಿಯಡ್ಡಿನಲ್ಲಿ ಕಾದಂಬರಿಯ ಒಂದೇ ಅಧ್ಯಾಯವನ್ನು ಗಟ್ಟಿಯಾಗಿ ಓದಿ, ಹುಡುಗಿ ಗುಹೆಯ ಬಾಯಿಗೆ ಬಂದಾಗ ಸರಿಯಾಗಿ ಗಂಟೆ ಬಾರಿಸುವಂತೆ ನೋಡಿಕೊಂಡರೆ, ಸೋಮವಾರ ಆ ಕಪಾಟಿನ ಕೀಲಿಯನ್ನು ಮಕ್ಕಳೇ ಕೇಳಿಕೊಂಡು ಬರುತ್ತಾರೆ. ಆದಿತ್ಯವಾರದ ಪುರವಣಿಗಳೂ ಚುಕ್ಕಿ ಸೇರಿಸುವ ಚಿತ್ರಕ್ಕೆ, ಪದಬಂಧಕ್ಕೆ ಕೊಡುವ ಜಾಗದಲ್ಲಿ ಅರ್ಧವನ್ನು ಒಂದು ಧಾರಾವಾಹಿಗೆ ಬಿಟ್ಟುಕೊಡಬಹುದು. ‘ಮುಂದಿನ ವಾರಕ್ಕೆ’ ಎಂದು ಕೆಳಗೆ ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿ.