ಕಾಣದ ದ್ರವ್ಯ, ಕಾಣದ ಆಯಾಮ

ಸೂರ್ಯನಿಂದ ದೂರವಿರುವ ಗ್ರಹಗಳು ನಿಧಾನವಾಗಿಯೂ ಹತ್ತಿರವಿರುವವು ವೇಗವಾಗಿಯೂ ಸುತ್ತುತ್ತವೆ. ನಕ್ಷತ್ರಗಳ ಮಹಾಸಮೂಹವಾದ ಗ್ಯಾಲಕ್ಸಿಯಲ್ಲಿಯೂ ಅಂಚಿನ ನಕ್ಷತ್ರಗಳ ನಡೆ ಮಂದವಾಗಿರಬೇಕೆಂದು ಎಣಿಸುವುದು ಸಹಜ. ಆದರೆ 1970ರಲ್ಲಿ ಅಮೆರಿಕದ ವೆರಾ ರೂಬಿನ್ ಅವರು ಆಂಡ್ರೊಮಿಡಾ ಗ್ಯಾಲಕ್ಸಿಯನ್ನು ಅಳೆದಾಗ, ಹೊರವಲಯದಲ್ಲಿಯೂ ವೇಗ ಕುಗ್ಗದಿರುವುದು ಕಂಡುಬಂತು. ಕಾಣುವ ದ್ರವ್ಯದ ಸೆಳೆತವಷ್ಟೇ ಇದ್ದಿದ್ದರೆ, ಕುಂಬಾರನ ಚಕ್ರದಿಂದ ಹಸಿಮಣ್ಣು ಸಿಡಿಯುವಂತೆ ಆ ನಕ್ಷತ್ರಗಳು ಎಂದೋ ಚೆದುರಿಹೋಗಬೇಕಾಗಿತ್ತು. ಅವುಗಳನ್ನು ಹಿಡಿದಿಟ್ಟಿರುವ ಕಾಣದ ವಸ್ತುವಿಗೆ ಕಪ್ಪುದ್ರವ್ಯವೆಂದು ಹೆಸರು. ಅದು ಕಾಣುವ ದ್ರವ್ಯದ ಸುಮಾರು ಐದು ಪಟ್ಟು ಇದೆಯೆಂಬುದು ಇಂದಿನ ಲೆಕ್ಕ.

ಕಾಣದ ವಸ್ತುವನ್ನು ಒಪ್ಪುವುದಕ್ಕಿಂತ ಗುರುತ್ವಾಕರ್ಷಣೆಯ ನಿಯಮವನ್ನೇ ತಿದ್ದಬಾರದೇಕೆ ಎಂದು ಕೇಳುವವರುಂಟು. ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಯುರೇನಸ್ ಗ್ರಹ ದಾರಿತಪ್ಪಿದಂತೆ ಕಂಡಾಗ ಅದಕ್ಕೆ ಕಾಣದ ಗ್ರಹವೊಂದು ಕಾರಣವೆಂದು ಊಹಿಸಿದರು. 1846ರಲ್ಲಿ ನೆಪ್ಚೂನ್ ಸಿಕ್ಕಿತು. ಬುಧಗ್ರಹದ ವಿಷಯದಲ್ಲಿಯೂ ಹಾಗೆಯೇ ಊಹಿಸಿದರು. ಯಾವ ಗ್ರಹವೂ ಸಿಗಲಿಲ್ಲ. ಅಲ್ಲಿ ಬದಲಾಗಬೇಕಾದದ್ದು ನಿಯಮವೇ ಎಂಬುದನ್ನು 1915ರಲ್ಲಿ ಐನ್‌ಸ್ಟೈನ್ ತೋರಿಸಿಕೊಟ್ಟರು.

ನಿಯಮವನ್ನು ತಿದ್ದುವ ಯತ್ನಗಳಲ್ಲಿ ಅತ್ಯಂತ ಮೋಹಕವಾದುದು ಹೆಚ್ಚಿನ ಆಯಾಮಗಳ ಕಲ್ಪನೆ. ಉದ್ದ, ಅಗಲ, ಎತ್ತರಗಳಲ್ಲದೆ ಮತ್ತೊಂದು ದಿಕ್ಕೂ ಇರಬಹುದೆಂದು ಕಲೂಜಾ ಎಂಬ ಗಣಿತಜ್ಞ 1921ರಲ್ಲಿಯೇ ಸೂಚಿಸಿದ್ದನು. 2000ದಲ್ಲಿ ಕೆಲವು ವಿಜ್ಞಾನಿಗಳು ಅದನ್ನು ಕಪ್ಪುದ್ರವ್ಯಕ್ಕೆ ಅನ್ವಯಿಸಿದರು. ಮಡಿಸಿಟ್ಟ ಸೀರೆಯೊಂದನ್ನು ನೆನೆಯಿರಿ. ಬಟ್ಟೆಯ ಮೇಲೆಯೇ ಹರಿಯುವ ಇರುವೆಗೆ ಪಕ್ಕದ ಮಡಿಕೆ ಎಷ್ಟೋ ಗಜಗಳ ದೂರ. ಮಡಿಕೆಯಿಂದ ಮಡಿಕೆಗೆ ನೇರವಾಗಿ ಅಳೆದರೆ ಅದು ಒಂದು ಬೆರಳಿನಷ್ಟೂ ದೂರವಿಲ್ಲ. ಬೆಳಕು ಇರುವೆಯಂತೆ ಬಟ್ಟೆಯನ್ನು ಬಿಟ್ಟು ಹೋಗಲಾರದು, ಗುರುತ್ವವಾದರೋ ಅಡ್ಡಹಾಯಬಲ್ಲದು. ಹಾಗಾದರೆ ನಾವು ಕಪ್ಪುದ್ರವ್ಯವೆನ್ನುವುದು ಪಕ್ಕದ ಮಡಿಕೆಯಲ್ಲಿರುವ ಸಾಮಾನ್ಯ ನಕ್ಷತ್ರಗಳೇ ಆಗಿರಬಹುದು!

ಕಲ್ಪನೆ ಸೊಗಸಾಗಿದೆ, ನಿಜ. ಆದರೆ ಇದನ್ನು ಒಪ್ಪಿಕೊಂಡ ಮಾತ್ರಕ್ಕೆ ಕಾಣದ್ದನ್ನು ನಂಬುವ ಹಂಗು ತಪ್ಪಿತೆಂದು ಭಾವಿಸುವುದು ಸರಿಯಲ್ಲ. ಕಾಣದ ದ್ರವ್ಯದ ಬದಲು ಕಾಣದ ದಿಕ್ಕು ಬಂದಿತಷ್ಟೆ. ಯಾವುದು ಪರೀಕ್ಷೆಗೆ ಒಡ್ಡಿಕೊಂಡು ನಿಲ್ಲುತ್ತದೆ ಎಂಬುದೇ ಇಲ್ಲಿ ಕೇಳತಕ್ಕ ಮಾತು. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಕೂದಲೆಳೆಯ ದಪ್ಪಕ್ಕಿಂತ ಕಡಿಮೆ ಅಂತರದಲ್ಲಿ ಸೆಳೆತವನ್ನು ಅಳೆದು, ನ್ಯೂಟನ್ನನ ನಿಯಮ ಅಲ್ಲಿಯೂ ಕೆಟ್ಟಿಲ್ಲವೆಂದು 2020ರಲ್ಲಿ ತಿಳಿಸಿದರು. ಅದಕ್ಕೆ ಮುನ್ನ, 2017ರ ಆಗಸ್ಟ್ 17ರಂದು, ಸುಮಾರು 13 ಕೋಟಿ ಜ್ಯೋತಿರ್ವರ್ಷಗಳಾಚೆ ಎರಡು ನ್ಯೂಟ್ರಾನ್ ನಕ್ಷತ್ರಗಳು ಕೂಡಿದಾಗ ಎದ್ದ ಗುರುತ್ವದ ಅಲೆಗಳು ಭೂಮಿಯನ್ನು ಮುಟ್ಟಿದ್ದವು. ಅಂತಹ ಅಲೆಗಳ ರೂಪವನ್ನು ಲೆಕ್ಕಹಾಕುವ ಗಣಿತದಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ ಬಾಲಾ ಅಯ್ಯರ್ ಅವರ ಪಾಲು ದೊಡ್ಡದು. ಗುರುತ್ವ ಬೇರೆ ಆಯಾಮಕ್ಕೆ ಸೋರಿಹೋಗುತ್ತಿದ್ದರೆ ಅಲೆಗಳು ಸೊರಗಿ, ಆ ನಕ್ಷತ್ರಗಳು ಇನ್ನೂ ದೂರದಲ್ಲಿದ್ದಂತೆ ತೋರಬೇಕಾಗಿತ್ತು. ಅಲೆಗಳು ಹೇಳಿದ ದೂರವೂ ಬೆಳಕು ಹೇಳಿದ ದೂರವೂ ಹೊಂದಿಕೊಂಡವು. ಇಷ್ಟರಿಂದ ಆ ಕಲ್ಪನೆ ಬಿದ್ದುಹೋಗಲಿಲ್ಲ. ಇನ್ನೂ ಕಿರಿದಾದ ಆಯಾಮಗಳಿಗೆ ಎಡೆಯಿದೆ. ಆದರೆ ಅದರ ಪರವಾಗಿ ಸಾಕ್ಷಿಯೊಂದೂ ಬರಲಿಲ್ಲ.

ಕಪ್ಪುದ್ರವ್ಯದ ಕಣಗಳನ್ನು ಅರಸುವವರಿಗೂ ಇದೇ ನ್ಯಾಯ ಸಲ್ಲಬೇಕು. ಇದಕ್ಕೆ ನಿದರ್ಶನ ನಮ್ಮ ನೆರೆಯಲ್ಲಿಯೇ ಇದೆ. ಬೆಂಗಳೂರಿನ ದಂಡು ನಿಲ್ದಾಣದಿಂದ ಕೃಷ್ಣರಾಜಪುರದ ಮೇಲೆ ಪೂರ್ವಕ್ಕೆ ಹೋಗುವ ರೈಲುಮಾರ್ಗ ಬಂಗಾರಪೇಟೆಯಲ್ಲಿ ಕವಲೊಡೆದು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟುತ್ತದೆ. ಅಲ್ಲಿ ಎರಡು ಕಿಲೋಮೀಟರಿಗೂ ಮಿಕ್ಕ ಆಳದಲ್ಲಿ, ವಿಶ್ವಕಿರಣಗಳನ್ನು ಬಂಡೆಯೇ ತಡೆಯುವ ಕತ್ತಲಲ್ಲಿ, 1965ರಲ್ಲಿ ವಾಯುಮಂಡಲದ ನ್ಯೂಟ್ರಿನೊಗಳು ಪತ್ತೆಯಾದವು. 1975ರಲ್ಲಿ ಅಲ್ಲಿನ ವಿಜ್ಞಾನಿಗಳು ವಿಚಿತ್ರವಾದ ಕೆಲವು ಜಾಡುಗಳನ್ನು ವರದಿಮಾಡಿದರು. ಅವು ಬಂಡೆಯಿಂದ ಹೊರಟಂತಿರದೆ, ಉಪಕರಣದ ಬಳಿಯ ಬರಿಯ ಗಾಳಿಯಲ್ಲಿಯೇ ಹುಟ್ಟಿದಂತಿದ್ದವು. ಅವು ಒಡೆಯುತ್ತಿರುವ ಕಪ್ಪುದ್ರವ್ಯದ ಕಣಗಳಾಗಿರಬಹುದೇ ಎಂದು 2014ರಲ್ಲಿ ಚೆನ್ನೈನ ಎಂ. ವಿ. ಎನ್. ಮೂರ್ತಿ ಮತ್ತು ಜಿ. ರಾಜಶೇಖರನ್ ಕೇಳಿದರು. ಕನ್ನಡನಾಡಿನ ನೆಲದಲ್ಲಿ ಕಂಡದ್ದೆಂಬ ಅಭಿಮಾನದಿಂದ ಇದನ್ನು ನಿಜವೆಂದು ಸಾರಿಬಿಡುವುದು ವಿಜ್ಞಾನಕ್ಕೆ ಒಪ್ಪುವ ಮಾತಲ್ಲ. ಕೆಲವೇ ಜಾಡುಗಳು ಇಷ್ಟು ದೊಡ್ಡ ತೀರ್ಮಾನದ ಭಾರವನ್ನು ಹೊರಲಾರವು. ಆ ಲೇಖಕರೂ ಕೇಳಿದ್ದು ಪ್ರಶ್ನೆಯನ್ನೇ. ಅದಕ್ಕೆ ಉತ್ತರ ದೊರೆಯಬೇಕಾದರೆ ಅಷ್ಟೇ ಆಳದಲ್ಲಿ, ಅದಕ್ಕಿಂತ ಹಿರಿದಾದ ಉಪಕರಣದೊಡನೆ ಮತ್ತೆ ಕಾದು ಕೂರಬೇಕು. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದವು.