ಡೀಫಾಲ್ಟ್ ಅನ್ನೋದು ಸಲಹೆ ಅಲ್ಲ ಸ್ವಾಮಿ!

ನಮ್ಮ ಸಾಫ್ಟ್‌ವೇರ್ ಮಂದಿಗೆ ಒಂದು ಮಂತ್ರ ಬಾಯಿಪಾಠ ಆಗಿಬಿಟ್ಟಿದೆ. ನಿಮ್ಮ ಆಪ್‌ನಲ್ಲಿ ಮಾತಾಡಿದರೆ ದನಿ ತುಂಡು ತುಂಡಾಗಿ ಬರ್ತಿದೆ ಅಂತ ಯಾರಾದರೂ ದೂರು ಕೊಟ್ಟರೆ ಸಾಕು, "ನಿಮ್ಮ ಕಡೆ ನೆಟ್‌ವರ್ಕ್ ಸರಿಯಿಲ್ಲ" ಅಂದುಬಿಡೋದು. ಮುಗೀತು, ತಪ್ಪೆಲ್ಲ ದೂರು ಕೊಟ್ಟವನದೇ! ಸರಿ, ನೆಟ್‌ವರ್ಕ್ ಚೆನ್ನಾಗಿಲ್ಲ, ಒಪ್ಪೋಣ. ಆದರೆ ಅದು ನಿಮಗೆ ಮೊದಲೇ ಗೊತ್ತಿತ್ತಲ್ಲ? ಅದಕ್ಕೆ ನೀವೇನು ಮಾಡಿದ್ರಿ? ಇದು ನನ್ನ ಪ್ರಶ್ನೆ.

ಮಾತನ್ನು ಕುಗ್ಗಿಸಿ ಕಳಿಸುವ ಲೈಬ್ರರಿಗಳಲ್ಲಿ ಇವತ್ತು ಹೆಚ್ಚಿನವರು ಬಳಸೋದು ಓಪಸ್. ಸ್ಕೈಪಿನ ಸಿಲ್ಕ್ ಮತ್ತು ಝಿಫ್ ಸಂಸ್ಥೆಯ ಸೆಲ್ಟ್ ಎರಡನ್ನೂ ಬೆಸೆದು ಮಾಡಿದ್ದು, 2012ರಲ್ಲಿ ಆರ್‌ಎಫ್‌ಸಿ 6716 ಆಗಿ ಹೊರಬಂತು. ಅದಕ್ಕೆ ಮುಂಚೆ ಇದೇ ಝಿಫ್‌ನಲ್ಲಿ ಝಾನ್-ಮಾರ್ಕ್ ವ್ಯಾಲಿನ್ ಬರೆದ ಸ್ಪೀಕ್ಸ್ ಇತ್ತು. ಎರಡೂ ಬಿಟ್ಟಿ, ಎರಡರ ಸೋರ್ಸೂ ತೆರೆದಿದೆ. ವಾಟ್ಸಾಪಿನಲ್ಲಿ ನೀವು ಕಳಿಸುವ ವಾಯ್ಸ್ ಮೆಸೇಜ್ ಇದೆಯಲ್ಲ, ಅದು ಓಪಸ್ಸೇ.

ಓಪಸ್‌ನ ಎನ್‌ಕೋಡರಿಗೆ ಏನು ಬೇಕು ಏನು ಬೇಡ ಅಂತ ಹೇಳೋಕೆ ಒಂದೇ ಬಾಗಿಲು, ಎನ್‌ಕೋಡರ್ ಸಿಟಿಎಲ್ ಅನ್ನೋ ಫಂಕ್ಷನ್. ಬಿಟ್‌ರೇಟ್ ಎಷ್ಟು, ಬ್ಯಾಂಡ್‌ವಿಡ್ತ್ ಎಷ್ಟು, ಕಾಂಪ್ಲೆಕ್ಸಿಟಿ 0ಯಿಂದ 10ರೊಳಗೆ ಎಷ್ಟು, ದಾರಿಯಲ್ಲಿ ನೂರಕ್ಕೆ ಎಷ್ಟು ಪ್ಯಾಕೆಟ್ ಕಳೆದುಹೋಗುತ್ತವೆ, ಕಳೆದದ್ದನ್ನು ತುಂಬಿಕೊಡುವ ಎಫ್‌ಇಸಿ ಬೇಕಾ ಬೇಡವಾ, ಎಲ್ಲವನ್ನೂ ಅಲ್ಲೇ ಹೇಳಬೇಕು. ನೀವು ಬಾಯಿ ಬಿಡದಿದ್ದರೆ ಅದು ಅಂದುಕೊಳ್ಳೋದು ಏನು ಗೊತ್ತೆ? ಪ್ಯಾಕೆಟ್ ನಷ್ಟ ಸೊನ್ನೆ, ಎಫ್‌ಇಸಿ ಬೇಡ!

"ಬರೆದ ತಜ್ಞರೇ ಹಾಗೆ ಇಟ್ಟಿದ್ದಾರೆ, ನೀನೇನು ಅವರಿಗಿಂತ ದೊಡ್ಡ ಜಾಣನಾ?" ಅಂತ ಕೇಳೋರಿದ್ದಾರೆ. ಇಲ್ಲಪ್ಪ. ಆದರೆ ಲೈಬ್ರರಿ ಬರೆದವರಿಗೆ ನಿಮ್ಮ ಆಪ್ ಎಲ್ಲಿ ಓಡುತ್ತೆ ಅಂತ ಹೇಗೆ ಗೊತ್ತಾಗಬೇಕು? ಒಬ್ಬ ಅದರಲ್ಲಿ ಡಿಸ್ಕಿಗೆ ಹಾಡು ತುಂಬಿಸ್ತಾನೆ, ಅಲ್ಲಿ ಪ್ಯಾಕೆಟ್ ಕಳೆಯೋ ಪ್ರಶ್ನೆಯೇ ಇಲ್ಲ. ಇನ್ನೊಬ್ಬ ಘಟ್ಟದ ತಿರುವಿನಲ್ಲಿ ಬಸ್ಸಲ್ಲಿ ಕೂತವನ ಜೊತೆ ಮಾತಾಡಿಸ್ತಾನೆ. ಎರಡಕ್ಕೂ ಹೊಂದುವ ಒಂದು ಅಂಕಿ ಇಲ್ಲ. ಅದಕ್ಕೇ ಅವರು ಸೊನ್ನೆ ಇಟ್ಟು ಸುಮ್ಮನಾದರು. ಆ ಸೊನ್ನೆಯ ಅರ್ಥ "ಇದೇ ಒಳ್ಳೇದು" ಅಂತಲ್ಲ, "ನನಗೆ ಗೊತ್ತಿಲ್ಲ, ನೀನೇ ಹೇಳು" ಅಂತ. ಗೊತ್ತಿದ್ದೂ ಹೇಳದೇ ಇರೋದು ಸೋಮಾರಿತನ, ಅದಕ್ಕೆ ತಜ್ಞರ ಹೆಸರು ಯಾಕೆ?

ಎಫ್‌ಇಸಿ ಮಾಡೋದಿಷ್ಟೇ. ಹಿಂದಿನ ಫ್ರೇಮಿನ ಮಾತನ್ನು ಕಡಿಮೆ ಬಿಟ್ಟುಗಳಲ್ಲಿ ಇನ್ನೊಮ್ಮೆ ಬರೆದು ಈಗಿನ ಪ್ಯಾಕೆಟ್ಟಿನ ಜೊತೆ ಕಟ್ಟಿ ಕಳಿಸುತ್ತೆ. ಒಂದು ಕಳೆದರೆ ಅದರ ಮುಂದಿನದರಲ್ಲಿ ನಕಲು ಸಿಗುತ್ತೆ. ಆದರೆ ಇದು ಕೆಲಸ ಮಾಡೋಕೆ ಮೂರು ಕಡೆ ಕೈ ಹಾಕಬೇಕು. ಎಫ್‌ಇಸಿ ಆನ್ ಮಾಡಬೇಕು. ಪ್ಯಾಕೆಟ್ ನಷ್ಟ ಸೊನ್ನೆಗಿಂತ ಹೆಚ್ಚು ಅಂತ ಹೇಳಬೇಕು. ಕೇಳುವ ಕಡೆಯಲ್ಲಿ ಡಿಕೋಡರಿಗೆ ಮುಂದಿನ ಪ್ಯಾಕೆಟ್ ಕೊಟ್ಟು "ಇದರೊಳಗಿನ ನಕಲು ತೆಗಿ" ಅನ್ನಬೇಕು. ಮೊದಲನೆಯದು ಮಾಡಿ ಎರಡನೆಯದು ಬಿಟ್ಟರೆ ನಕಲೇ ತಯಾರಾಗಲ್ಲ. ಎರಡೂ ಮಾಡಿ ಮೂರನೆಯದು ಬಿಟ್ಟರೆ ಇನ್ನೂ ಚಂದ! ಕಳಿಸುವವನ ಡೇಟಾ ಖರ್ಚಾಗುತ್ತೆ, ಬಂದ ನಕಲು ಯಾರೂ ನೋಡದೆ ಕಸಕ್ಕೆ ಹೋಗುತ್ತೆ. ಹೊಳೆಯಲ್ಲಿ ಹುಣಸೇಹಣ್ಣು ಹಿಂಡಿದ ಹಾಗೆ.

ಇನ್ನು ಅಂಕಿ ಬರೆಯೋದರಲ್ಲಿ ಆಗುವ ಅವಾಂತರ. ಪ್ಯಾಕೆಟ್ ನಷ್ಟವನ್ನು 0ಯಿಂದ 100ರೊಳಗೆ ಪೂರ್ಣಾಂಕದಲ್ಲಿ ಹೇಳಬೇಕು. ಶೇಕಡಾ ಹತ್ತು ಅನ್ನೋಕೆ 0.1 ಅಂತ ಬರೆದಿರೋ? ಅದು ಪೂರ್ಣಾಂಕವಾಗಿ ಸೊನ್ನೆ ಆಗುತ್ತೆ, ಫಂಕ್ಷನ್ "ಓಕೆ" ಅನ್ನುತ್ತೆ, ನೀವು ಕಾಫಿಗೆ ಹೋಗ್ತೀರಿ. ಬಿಟ್‌ರೇಟನ್ನು ಕೊಡಬೇಕಾದ್ದು ಬಿಟ್ಟುಗಳಲ್ಲಿ, ಕಿಲೋಬಿಟ್ಟುಗಳಲ್ಲಲ್ಲ. 24000 ಬದಲು 24 ಅಂತ ಕೊಟ್ಟರೆ ಲೈಬ್ರರಿ ಬೈಯಲ್ಲ, ಅದನ್ನು ಸದ್ದಿಲ್ಲದೆ 500 ಮಾಡಿಕೊಳ್ಳುತ್ತೆ. ಸೆಕೆಂಡಿಗೆ 500 ಬಿಟ್ಟಿನಲ್ಲಿ ಯಾವ ಮಾತು ಹಿಡಿಸೀತು? ಸಿಟಿಎಲ್ ವಾಪಸು ಕೊಟ್ಟ ಕೋಡ್ ನೋಡುವುದಷ್ಟೇ ಸಾಲದು, ಹಾಕಿದ ಬೆಲೆಯನ್ನು ಮತ್ತೆ ಕೇಳಿ ನೋಡಬೇಕು. ಎರಡು ಸಾಲಿನ ಕೆಲಸ. ಎಷ್ಟು ಜನ ಮಾಡ್ತಾರೆ?

"ಡೇಟಾ ಉಳಿಸೋಕೆ ಬಿಟ್‌ರೇಟ್ ಇಳಿಸಿದೀವಿ" ಅನ್ನೋ ವಾದವನ್ನೂ ನೋಡೋಣ. 20 ಮಿಲಿಸೆಕೆಂಡಿನ ಫ್ರೇಮ್ ಅಂದರೆ ಸೆಕೆಂಡಿಗೆ 50 ಪ್ಯಾಕೆಟ್. ಪ್ರತಿಯೊಂದರ ತಲೆಯ ಮೇಲೆ ಐಪಿ 20 ಬೈಟ್, ಯುಡಿಪಿ 8, ಆರ್‌ಟಿಪಿ 12, ಒಟ್ಟು 40. ಲೆಕ್ಕ ಹಾಕಿ, ಬರೀ ವಿಳಾಸ ಬರೆಯೋಕೇ ಸೆಕೆಂಡಿಗೆ 16 ಕಿಲೋಬಿಟ್! ಮಾತನ್ನು 24ರಿಂದ 12ಕ್ಕೆ ಇಳಿಸಿ ಅರ್ಧ ಉಳಿಸಿದೆವು ಅಂತ ಬೀಗುವವರು ನಿಜಕ್ಕೂ ಇಳಿಸಿದ್ದು 40ರಿಂದ 28ಕ್ಕೆ. ಆಗ ಮೂಗಿಗಿಂತ ಮೂಗುತಿ ಭಾರ. ಬಿಟ್ಟು ತೀರ ಕಡಿಮೆಯಾದರೆ ಎನ್‌ಕೋಡರ್ ಎಫ್‌ಇಸಿಯನ್ನೇ ಕೈಬಿಡುತ್ತೆ, ಇಲ್ಲವೇ ಬ್ಯಾಂಡ್‌ವಿಡ್ತ್ ಕೊಯ್ಯುತ್ತೆ. ಉಳಿಸಲೇಬೇಕು ಅಂದರೆ ಫ್ರೇಮನ್ನು 40 ಮಿಲಿಸೆಕೆಂಡ್ ಮಾಡಿ. ತಲೆಭಾರ 8 ಕಿಲೋಬಿಟ್ಟಿಗೆ ಇಳಿಯುತ್ತೆ. ಒಂದು ಪ್ಯಾಕೆಟ್ ಹೋದರೆ ಎರಡರಷ್ಟು ಮಾತು ಹೋಗುತ್ತೆ, ಸ್ವಲ್ಪ ತಡವೂ ಆಗುತ್ತೆ ನಿಜ, ಆದರೆ ಕನಿಷ್ಠ ಕಣ್ಣು ತೆರೆದು ಮಾಡಿದ ವ್ಯಾಪಾರ ಅದು.

ಇದೆಲ್ಲ ಇಂಜಿನಿಯರುಗಳ ಜಗಳ, ನಮಗ್ಯಾಕೆ ಅನ್ನಬೇಡಿ. ನಮ್ಮ ಭಾಷೆ ಕಟ್ಟಿರೋ ರೀತಿ ನೋಡಿ. ಬಂದವರು ಯಾರು, ಬರ್ತಾರಾ ಇಲ್ಲವಾ, ಎಲ್ಲ ತೀರ್ಮಾನ ಪದದ ಬಾಲದಲ್ಲಿ. "ಬರ್ತಾನೆ", "ಬರ್ತಾಳೆ", "ಬರಲ್ಲ". ಬಾಲದಲ್ಲಿ ದನಿಯೂ ಇಳಿದಿರುತ್ತೆ. ಬೆನ್ನುಬೆನ್ನಿಗೆ ಐದಾರು ಪ್ಯಾಕೆಟ್ ಹೋದರೆ ಒಂದು ಅಕ್ಷರವೇ ಮಾಯ. ಡಿಕೋಡರ್ ಆ ಜಾಗವನ್ನು ನುಣುಪಾಗಿ ತೇಪೆ ಹಾಕೋದರಿಂದ ಏನೋ ಹೋಯಿತು ಅಂತ ಗೊತ್ತೂ ಆಗದೆ ಇರಬಹುದು. ಹಾಗೇ, 8 ಕಿಲೋಹರ್ಟ್ಸ್ ಸ್ಯಾಂಪಲಿಂಗ್ ಸಾಕು ಅಂದವರಿಗೆ ಒಂದು ಮಾತು: ಅದರಲ್ಲಿ 4 ಕಿಲೋಹರ್ಟ್ಸಿನ ಮೇಲಿನದು ಏನೂ ಉಳಿಯಲ್ಲ, ಸಕಾರದ ಜೀವ ಹೆಚ್ಚಾಗಿ ಇರೋದೇ ಅಲ್ಲಿ. ಸಂಕರಕ್ಕೂ ಶಂಕರನಿಗೂ ಇರುವ ಅಂತರ ಮಸುಕಾಗುತ್ತೆ. (ಊರಲ್ಲಿ ಅನೇಕರು ಅವನನ್ನು ಸಂಕ್ರ ಅಂತಲೇ ಕರೆಯೋದು ಬೇರೆ ವಿಷಯ!) ಮೊಮ್ಮಗನ ಹತ್ತಿರ ಮಾತಾಡುವ ಅಜ್ಜಿ "ಆಂ? ಏನಂದೆ?" ಅಂತ ನಾಲ್ಕು ಸಲ ಕೇಳಿ, ಆಮೇಲೆ ಕೇಳಿಸದಿದ್ದರೂ "ಹೂಂ ಹೂಂ" ಅಂತಾಳೆ. ಕಿವಿ ಮಂದ ಅಂತ ಮನೆಯವರು ಅಂದುಕೊಳ್ತಾರೆ. ಯಾರೋ ಒಂದು ಸೊನ್ನೆಯನ್ನು ಹಾಗೇ ಬಿಟ್ಟಿದ್ದು ಅಂತ ಯಾರಿಗೆ ಗೊತ್ತು?

ಇದಕ್ಕೆ ವಿರುದ್ಧ ಜಾತಿಯವರೂ ಇದ್ದಾರೆ, ಎಲ್ಲವನ್ನೂ ಹತ್ತಕ್ಕೆ ತಿರುಗಿಸುವವರು. ಕಾಂಪ್ಲೆಕ್ಸಿಟಿ ಹತ್ತು ಅಂದರೆ ದನಿ ಹತ್ತುಪಟ್ಟು ಚಂದ ಅಂತಲ್ಲ. ಸ್ಪೀಕ್ಸಿನ ಕೈಪಿಡಿಯಲ್ಲೇ ಇತ್ತು: 1ರಿಂದ 10ಕ್ಕೆ ಹೋದರೆ ಪ್ರೊಸೆಸರಿಗೆ ಸುಮಾರು ಐದುಪಟ್ಟು ಕೆಲಸ, ಸಿಗೋದು ಒಂದೆರಡು ಡೆಸಿಬೆಲ್. 2ರಿಂದ 4 ಸಾಕು ಅಂತ ಅವರೇ ಬರೆದಿದ್ದರು. ಅಗ್ಗದ ಫೋನಿನಲ್ಲಿ ಬ್ಯಾಟರಿ ಕುಡಿದು, ದನಿ ತಡವರಿಸಿದರೆ ಆಗಲೂ ಬೈಗುಳ ನೆಟ್‌ವರ್ಕಿಗೇ.

ನ್ಯಾಯವಾಗಿ ಹೇಳಬೇಕಾದ ಮಾತೂ ಇದೆ. ಕ್ರೋಮ್‌ನ ವೆಬ್‌ಆರ್‌ಟಿಸಿ ಬಳಸುವವರಿಗೆ ಎಫ್‌ಇಸಿ ಕೆಲಸದ ಬಹುಪಾಲು ಆಗಿಯೇ ಇರುತ್ತೆ. ನನ್ನ ತಕರಾರು ಲೈಬ್ರರಿಯನ್ನು ನೇರವಾಗಿ ಎತ್ತಿಕೊಂಡು ಉದಾಹರಣೆಯ ಕೋಡನ್ನು ಹಾಗೇ ಅಂಟಿಸುವವರ ಮೇಲೆ. ಎಫ್‌ಇಸಿಯೂ ಸಂಜೀವಿನಿ ಅಲ್ಲ, ಬಿಡಿಬಿಡಿಯಾಗಿ ಕಳೆದದ್ದನ್ನಷ್ಟೇ ತರುತ್ತೆ. ಸಾಲಾಗಿ ಹೋದದ್ದಕ್ಕೆ 2024ರ ಓಪಸ್ 1.5ರಲ್ಲಿ ಡ್ರೆಡ್ ಬಂದಿದೆ, ಒಂದು ಸೆಕೆಂಡಿನಷ್ಟು ಹಿಂದಿನ ಮಾತನ್ನೂ ಹೊತ್ತು ತರಬಲ್ಲದು. ಆದರೆ ಅದನ್ನೂ ಕಂಪೈಲ್ ಮಾಡುವಾಗಲೇ ಕೇಳಿ ಹಾಕಿಸಿಕೊಳ್ಳಬೇಕು. ಮತ್ತೆ ಅದೇ ಕಥೆ, ಕೇಳದೆ ತಾಯಿಯೂ ಬಡಿಸಲ್ಲ.

ಹಾಗಾಗಿ ಕೋಡ್ ಬರೆಯುವ ಗೆಳೆಯರೇ, ನಿಮ್ಮ ಬಳಕೆದಾರರ ಪ್ಯಾಕೆಟ್ ಎಷ್ಟು ಕಳೀತಿದೆ ಅಂತ ಅಳೆಯಿರಿ, ಆ ಅಂಕಿಯನ್ನು ಎನ್‌ಕೋಡರಿಗೆ ಹೇಳ್ತಾ ಇರಿ, ಹೇಳಿದ್ದು ತಲುಪಿತಾ ಅಂತ ನೋಡಿ. ಆಮೇಲೂ ದನಿ ಒಡೆದರೆ ಆಗ ನೆಟ್‌ವರ್ಕಿಗೆ ಬೈಯಿರಿ, ನಾನೂ ದನಿ ಸೇರಿಸ್ತೀನಿ. ಏನಂತೀರಿ?