ಕೊಠಡಿ ಬಾಡಿಗೆಗೆ ಕೊಡುವ ಮುನ್ನ

ಚನ್ನರಾಯನದುರ್ಗದ ಬೆಟ್ಟ ಹತ್ತಲು ಶನಿವಾರ, ಭಾನುವಾರ ಬೆಂಗಳೂರಿನಿಂದ ಬರುವವರನ್ನು ಸದಸ್ಯ ಬಾಂಧವರು ನೋಡಿಯೇ ಇದ್ದೀರಿ. ಸಿದ್ಧರಬೆಟ್ಟ, ಗೊರವನಹಳ್ಳಿ, ಮಧುಗಿರಿಯ ಏಕಶಿಲಾ ಬೆಟ್ಟ ಇವೆಲ್ಲ ಸುತ್ತಮುತ್ತಲೇ ಇವೆ. "ತೋಟದ ಮನೆಯಲ್ಲಿ ಎರಡು ಕೊಠಡಿ ಖಾಲಿ ಇವೆ, ಬಾಡಿಗೆಗೆ ಕೊಡೋಣವೆಂದಿದ್ದೇವೆ, ಅದಕ್ಕೂ ಲೈಸೆನ್ಸ್ ಬೇಕೇ?" ಎಂದು ಕೆಲವರು ಸಂಘದ ಕಚೇರಿಗೆ ಬಂದು ವಿಚಾರಿಸುತ್ತಿದ್ದಾರೆ. ಬೇಕು. ಬೇಡವೆಂದು ಹೇಳಿದವರು ನಿಮ್ಮ ಹಿತೈಷಿಗಳಲ್ಲ.

ಕೊಡಗು, ಚಿಕ್ಕಮಗಳೂರಿನ ಅನೇಕ ಕಾಫಿ ಬೆಳೆಗಾರರು ಈ ದಾರಿ ಹಿಡಿದದ್ದು ಶೋಕಿಗಲ್ಲ. 2001-02ರ ಸುಮಾರಿಗೆ ಕಾಫಿ ಬೆಲೆ ನೆಲಕಚ್ಚಿ, ಸಾಲದ ಬಡ್ಡಿ ಕಟ್ಟುವುದೂ ಕಷ್ಟವಾದಾಗ ಮನೆಯ ಬಾಗಿಲನ್ನು ಅತಿಥಿಗಳಿಗೆ ತೆರೆದರು. ಮನೆಯ ಹೆಂಗಸರು ಅಡುಗೆ ಮಾಡಿ, ತಮ್ಮ ಪಡಸಾಲೆಯಲ್ಲೇ ಕೂರಿಸಿ ಬಡಿಸಿದರು. ನಿಯಮದ ತಿರುಳೂ ಅದೇ: ಮಾಲೀಕ ಅಲ್ಲಿ ವಾಸವಿರಬೇಕು. ಕೇಂದ್ರ ಪ್ರವಾಸೋದ್ಯಮ ಮಂತ್ರಾಲಯದ ಯೋಜನೆಯಲ್ಲಿ ಆರು ಕೊಠಡಿಗಳೇ ಮಿತಿ. ಬರಬರುತ್ತ ಪಟ್ಟಣದ ಹಣವಂತರು ತೋಟದ ಮನೆಗಳನ್ನು ಗುತ್ತಿಗೆಗೆ ಹಿಡಿದು, ಮ್ಯಾನೇಜರನನ್ನಿಟ್ಟು, ಅದಕ್ಕೂ ಹೋಂಸ್ಟೇ ಎಂದು ಬೋರ್ಡು ಹಾಕಿದರು. ಅದರಲ್ಲಿ ಹೋಂ ಎಲ್ಲಿದೆಯೋ ದೇವರೇ ಬಲ್ಲ.

ನಮ್ಮ ಕಡೆಗೂ ಅಂಥವರು ಬರುತ್ತಾರೆ. "ಜಾಗ ಕೊಡಿ, ಕಾಗದಪತ್ರ ನಾವು ನೋಡಿಕೊಳ್ಳುತ್ತೇವೆ" ಎನ್ನುತ್ತಾರೆ. ಕಾಗದದಲ್ಲಿರುವುದು ನಿಮ್ಮ ಹೆಸರು, ಪಹಣಿ ನಿಮ್ಮದು. ಹಂಪಿಯ ಎದುರು ದಡದ ವಿರೂಪಾಪುರಗಡ್ಡೆಯ ರೆಸಾರ್ಟುಗಳನ್ನು ನೆನೆಯಿರಿ. ರಕ್ಷಿತ ಪ್ರದೇಶದಲ್ಲಿ ಅಕ್ರಮವಾಗಿ ಎದ್ದ ಆ ಕಟ್ಟಡಗಳನ್ನು ಕೆಡವಬೇಕೆಂಬುದನ್ನು 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಮುಂದಿನ ತಿಂಗಳೇ ಜೆಸಿಬಿಗಳು ಬಂದವು. ಕೇಂದ್ರ ಸಂರಕ್ಷಿತ ಸ್ಮಾರಕವಾದರೆ ಸುತ್ತ 100 ಮೀಟರು ಹೊಸ ಕಟ್ಟಡಕ್ಕೆ ನಿಷೇಧ, ಅದರಾಚೆ 200 ಮೀಟರು ಅನುಮತಿಯ ವಲಯ. ಕೋಟೆಗಳ ಬುಡದಲ್ಲಿ ಜಮೀನಿರುವವರು ಇಟ್ಟಿಗೆ ಇಳಿಸುವ ಮುನ್ನ ವಿಚಾರಿಸಲಿ. ಭೂಕಂದಾಯ ಕಾಯಿದೆಯ 95ನೆಯ ಕಲಮೂ ಇದೆ: ಸಾಗುವಳಿ ಜಮೀನನ್ನು ಬೇರೆ ಉಪಯೋಗಕ್ಕೆ ತಿರುಗಿಸಲು ಜಿಲ್ಲಾಧಿಕಾರಿಗಳ ಅನುಮತಿ ಬೇಕು. ವಾಸದ ತೋಟದ ಮನೆ ಬೇರೆ, ಅಡಿಕೆ ಕಡಿದು ಕಟ್ಟಿದ ಕಾಟೇಜು ಬೇರೆ.

ಇಷ್ಟು ಹೇಳಿದ ಮೇಲೆ ಸರ್ಕಾರಕ್ಕೂ ಒಂದು ಮಾತು. ಪಂಚಾಯಿತಿಯ ಪತ್ರ, ಪೊಲೀಸರ ನಿರಾಕ್ಷೇಪಣೆ, ಪ್ರವಾಸೋದ್ಯಮ ಇಲಾಖೆಯ ನೋಂದಣಿ ಎಂದು ಎರಡು ಕೊಠಡಿಯವನೂ ಅಲೆಯಬೇಕು, ಇಪ್ಪತ್ತು ಕೊಠಡಿಯವನೂ ಅಲೆಯಬೇಕು. ಇಪ್ಪತ್ತರವನಿಗೆ ಅಲೆಯಲು ಆಳಿದ್ದಾನೆ. ನಮ್ಮವನು ಆ ದಿನ ತೋಟಕ್ಕೆ ನೀರು ಬಿಡುವುದನ್ನು ಬಿಟ್ಟು ಹೋಗಬೇಕು. ಲೈಸೆನ್ಸ್ ತೆಗೆಯಿರಿ ಎನ್ನುವುದು ನಮ್ಮ ವಾದವಲ್ಲ. ಮಾಲೀಕನೇ ವಾಸವಿರುವ ಚಿಕ್ಕ ಮನೆಗೆ ಪಂಚಾಯಿತಿಯಲ್ಲೇ ಎಲ್ಲವೂ ಮುಗಿಯಲಿ. ಮಾಲೀಕನಿಲ್ಲದ ಕಡೆ ತಪಾಸಣೆ ಬಿಗಿಯಾಗಲಿ.

ನೀರಿನ ಲೆಕ್ಕವನ್ನೂ ಹಾಕಿಕೊಳ್ಳಿ. ಬೋರು ಬತ್ತಿದ ಬೇಸಿಗೆಯಲ್ಲಿ ಅತಿಥಿಯ ಸ್ನಾನ ಮೊದಲೋ, ಅಡಿಕೆ ಮೊದಲೋ ಎಂಬ ಜಗಳ ಮನೆಯಲ್ಲೇ ಹುಟ್ಟುತ್ತದೆ. ಬಂದವರ ಹೆಸರು, ವಿಳಾಸ ಬರೆಯುವ ಪುಸ್ತಕ ತಪ್ಪದೆ ಇಡಿ. ವಿದೇಶೀಯರು ತಂಗಿದರೆ 24 ಗಂಟೆಯೊಳಗೆ ವರದಿ ಮಾಡಬೇಕು.

ಅರ್ಜಿ ಹಾಕುವ ಮನಸ್ಸುಳ್ಳವರು ಪಹಣಿ, ಮನೆ ಕಂದಾಯದ ರಸೀದಿ ಹಿಡಿದು ಕಚೇರಿಗೆ ಬನ್ನಿ. ನಾಲ್ಕೈದು ಮಂದಿ ಸೇರಿದರೆ ಒಟ್ಟಿಗೇ ತುಮಕೂರಿಗೆ ಹೋಗಿ ಬರೋಣ. ಬಸ್ ಚಾರ್ಜು ಮಾತ್ರ ಅವರವರದು.